ಮರಳಿ ಬಂದ ಹಳೆಯ ಪುಟ

ತನ್ನ 15ನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, 2013ರಲ್ಲಿ, ಗೂಗಲ್ ಸಂಸ್ಥೆಯು 1998ರ ತನ್ನ ಶೋಧಪುಟದ ರೂಪವನ್ನು ಮತ್ತೆ ತೋರಿಸಿತು. ಉದ್ಗಾರ ಚಿಹ್ನೆಯುಳ್ಳ ಬಣ್ಣದ ಹೆಸರು, ಬೂದು ಗುಂಡಿಗಳು, ನೀಲಿ ಕೊಂಡಿಗಳು. ಇಂಥದ್ದನ್ನು ಕಂಡಾಗ ಮನಸ್ಸು ಹಿಗ್ಗುವುದು ಸಹಜ. ಆದರೆ ನಾವು ಹಂಬಲಿಸುವುದು ಆ ಗುಂಡಿಗಳಿಗಾಗಿಯೇ?

ಸ್ಥಾಪಕರಾದ ಸೆರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರ ತಮ್ಮ ಸಂಶೋಧನಾ ಲೇಖನದಲ್ಲಿ, ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರವು ಹುಡುಕುವವರಿಗಿಂತ ಜಾಹೀರಾತುದಾರರತ್ತಲೇ ವಾಲುತ್ತದೆ ಎಂದು ಎಚ್ಚರಿಸಿದ್ದರು. 2000ದಲ್ಲಿ ಅವರ ಸಂಸ್ಥೆಯೇ ಜಾಹೀರಾತು ಮಾರತೊಡಗಿತು. (ಖರ್ಚನ್ನು ಯಾರಾದರೂ ಭರಿಸಬೇಕಿತ್ತು, ಬಳಸಿದ ನಾವಂತೂ ಬಿಡಿಗಾಸನ್ನೂ ಕೊಡಲಿಲ್ಲ.) ಹಳೆಯ ಪುಟವನ್ನು ಮರುಸೃಷ್ಟಿಸುವವರು ಅದರ ಬಣ್ಣಗಳನ್ನು ತರಬಲ್ಲರು, ಆ ಎಚ್ಚರಿಕೆಯನ್ನು ಬರೆದ ದಿನಗಳ ನಿಷ್ಠೆಯನ್ನು ತರಲಾರರು. 2013ರಲ್ಲಿ ಆ ಸರಳ ಪುಟದ ಹಿಂದೆ ಇದ್ದುದು ಜಾಹೀರಾತಿನಿಂದಲೇ ಬೆಳೆದ ಸಂಸ್ಥೆ.