ಇಂದಿನ ಧಮ್ಮ ಚಿಂತನೆ: ಮುಳ್ಳು ಹೇಳಿದ ಸುಳ್ಳು



ನಮ್ಮ ಭಾವನವರದು ಹಳೆಯ ಲಾರಿ. ಹೋದ ತಿಂಗಳು ಬಿ.ದುರ್ಗದಿಂದ ದಾವಣಗೆರೆಗೆ ಮೆಕ್ಕೆಜೋಳದ ಲೋಡ್ ಹೊತ್ತು ಹೋಗುವಾಗ ದಾರಿಯಲ್ಲೇ ಹಬೆ ಎದ್ದು ನಿಂತಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. "ಹೀಟ್ ಮೀಟರ್ ಮುಳ್ಳು ಅರ್ಧಾನೂ ದಾಟಿರ್ಲಿಲ್ಲ ಕಣಪ್ಪ, ಅದನ್ನೇ ನಂಬ್ಕೊಂಡು ಓಡಿಸ್ದೆ" ಎಂದರು ಭಾವ.

ಹೊಳಲ್ಕೆರೆಯ ಮೆಕ್ಯಾನಿಕ್ ಸೆನ್ಸಾರ್ ಬಿಚ್ಚಿದ. ವೈರು ಹಾಗೇ ಇಟ್ಟು, ಸೆನ್ಸಾರಿನ ಮೈಗೆ ಅರ್ಥ್ ಕೊಟ್ಟು, ಕುದಿಯುವ ನೀರಿಗೆ ಇಳಿಬಿಟ್ಟ. ಆಗಲೂ ಮುಳ್ಳು ಅರ್ಧ ದಾಟಲಿಲ್ಲ. ಸೆನ್ಸಾರ್ ಹೊಸದು, ಹಿಂದಿನ ವರ್ಷ ಹಾಕಿಸಿದ್ದು. ಮೀಟರ್ ಲಾರಿಯ ಜೊತೆಗೇ ಬಂದದ್ದು. ಎರಡೂ ಕೆಟ್ಟಿರಲಿಲ್ಲ.

ನೀರು ಬಿಸಿಯಾದಂತೆ ಸೆನ್ಸಾರಿನೊಳಗಿನ ವಿದ್ಯುತ್ ತಡೆ ಇಳಿಯುತ್ತದೆ, ಹೆಚ್ಚು ಕರೆಂಟ್ ಹರಿಯುತ್ತದೆ, ಮುಳ್ಳು ಏರುತ್ತದೆ. ಎಷ್ಟು ತಡೆಗೆ ಎಷ್ಟು ಬಿಸಿ ಎಂಬ ಲೆಕ್ಕ ಒಂದೊಂದು ಸೆನ್ಸಾರಿಗೆ ಒಂದೊಂದು. ಹಳೆಯ ಮೀಟರ್ ತನ್ನ ಹಳೆಯ ಲೆಕ್ಕದಲ್ಲೇ ಓದುತ್ತಿತ್ತು. "ಥ್ರೆಡ್ ಕೂತ್ರೆ ಜೋಡಿ ಕೂತಂಗಲ್ಲ ಮೇಷ್ಟ್ರೇ. ಹಳೇ ಸೆನ್ಸಾರ್ ಈಗ ಸಿಗಲ್ಲ, ಮೀಟರ್ರೇ ಬದಲಾಯಿಸ್ಬೇಕು" ಎಂದ ಆತ.

ಆ ಮಾತು ನನಗೆ ನಾಟಿತು. ಕಾರಣ ಹೇಳುತ್ತೇನೆ.

ಅದಕ್ಕೆ ವಾರದ ಹಿಂದೆ ಒಬ್ಬ ಉಪಾಸಕರು ತಮ್ಮ ಮಗನಿಗೆ ಇದೇ ಭಾವನ ಮಗಳನ್ನು ಕೇಳಲು ನಮ್ಮ ಮನೆಗೆ ಬಂದಿದ್ದರು. ದೀಕ್ಷೆ ಪಡೆದವರು, ಬುದ್ಧ ವಂದನೆಗೆ ಪಕ್ಕದಲ್ಲಿ ಕೂರುವವರು. ಆದರೂ ನನ್ನ ಬಾಯಿಂದ ಮೊದಲು ಬಂದ ಮಾತು, "ನಿಮ್ಮದು ಎಡಗೈಯೋ, ಬಲಗೈಯೋ?" ಅವರು ಉತ್ತರಿಸಲಿಲ್ಲ. ಅರ್ಧ ಟೀ ಬಿಟ್ಟು ಎದ್ದು ಹೋದರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ಸ್ವೀಕರಿಸಿ, ತಮ್ಮ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಮನುಷ್ಯರೆಲ್ಲ ಸಮಾನರೆಂದು ನಂಬುವುದು ಅದರಲ್ಲೊಂದು, ಆ ಸಮಾನತೆಗಾಗಿ ದುಡಿಯುವುದು ಇನ್ನೊಂದು. ನಾನೂ ಎರಡನ್ನೂ ಬಾಯಿಬಿಟ್ಟು ಹೇಳಿದವನು. ಧಮ್ಮದ ಹೊಸ ಸೆನ್ಸಾರ್ ಕೂಡಿಸಿಕೊಂಡೆ, ಎದೆಯೊಳಗಿನ ಮೀಟರ್ ಜಾತಿಯದೇ ಉಳಿಯಿತು. ಅದು "ಎಲ್ಲ ತಂಪಾಗಿದೆ" ಎನ್ನುತ್ತಿತ್ತು. ಎದುರಿಗೆ ಕೂತವರ ಮನಸ್ಸು ಸುಡುತ್ತಿದ್ದದ್ದು ನನಗೆ ಕಾಣಲಿಲ್ಲ.

ಕೇಳಿದ್ದು, ಪರಂಪರೆಯಿಂದ ಬಂದದ್ದು, ಗ್ರಂಥದಲ್ಲಿರುವುದು ಎಂಬ ಕಾರಣಕ್ಕೇ ಒಪ್ಪಬೇಡಿ, ಅದರಿಂದ ಹಿತವೋ ಅಹಿತವೋ ಎಂದು ನೀವೇ ಪರೀಕ್ಷಿಸಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ನಾವು ಈ ಬೋಧನೆಯನ್ನು ಬೇರೆಯವರ ನಂಬಿಕೆಗೆ ಬಳಸುವುದರಲ್ಲಿ ಗಟ್ಟಿಗರು. "ನಾನು ಬದಲಾಗಿದ್ದೇನೆ" ಎಂಬ ನಮ್ಮ ನಂಬಿಕೆಗೂ ಅದೇ ಪರೀಕ್ಷೆ ಬೇಕು. ವಿಹಾರದಲ್ಲಿ ಕಣ್ಣು ಮುಚ್ಚಿ ಕೂತಾಗ ಎಲ್ಲರ ಮುಳ್ಳೂ ಸರಿಯಾಗೇ ಇರುತ್ತದೆ. ಹೆಣ್ಣು-ಗಂಡು ಕೇಳಲು ಬಂದಾಗ, ಊಟಕ್ಕೆ ಕರೆಯುವಾಗ, ಬಾಡಿಗೆಗೆ ಮನೆ ಕೊಡುವಾಗ ಏನು ತೋರಿಸುತ್ತದೆ? ಅದೇ ಕುದಿಯುವ ನೀರು.

ಭಾವ ಮೀಟರ್ ಬದಲಾಯಿಸಿದರು. ನಾನು ಆ ಉಪಾಸಕರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಕೂತ್ಕೊಳ್ಳಿ ಮೇಷ್ಟ್ರೇ, ಈ ಸಲ ಪೂರ್ತಿ ಟೀ ಕುಡಿಯೋಣ" ಎಂದರು. ಮದುವೆಯ ಮಾತು ಮಕ್ಕಳಿಬ್ಬರಿಗೆ ಬಿಟ್ಟಿದ್ದು.

ಇಂದಿನ ಅಭ್ಯಾಸ: ಹೊಸಬರೊಬ್ಬರು ಸಿಕ್ಕಾಗ ಮನಸ್ಸು ಮೊದಲು ಕೇಳುವ ಪ್ರಶ್ನೆ ಯಾವುದು? ಸುಮ್ಮನೆ ಗಮನಿಸಿ. ಆ ಪ್ರಶ್ನೆ ಹಳೆಯದಾಗಿದ್ದರೆ ಬದಲಾಗಬೇಕಾದದ್ದು ನಮ್ಮ ಮೀಟರ್.

ಸಾಧು, ಸಾಧು, ಸಾಧು.