ತಪ್ಪು ಎಲ್ಲಿದೆ?

147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯನ್ನು ಕಂಡು ಓದುಗರು ಪುಟ ಮಗುಚಬಾರದು. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆದರೆ ಇದು ದೊರೆಯುತ್ತದೆ. ಇದು ಅವಿಭಾಜ್ಯ, ಎಂದರೆ ಒಂದರಿಂದ ಮತ್ತು ತನ್ನಿಂದ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು 1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿ ಬರೆದಿಟ್ಟ. ದೊಡ್ಡವರ ಮಾತು, ಇನ್ನೂರು ವರ್ಷಕ್ಕೂ ಮಿಕ್ಕಿ ನಿಂತಿತು. 1876ರಲ್ಲಿ ಲ್ಯೂಕಾಸ್ ತಾನೇ ಕಂಡುಕೊಂಡ ಪರೀಕ್ಷೆಗೆ ಅದನ್ನೊಡ್ಡಿ, ಅವಿಭಾಜ್ಯವಲ್ಲವೆಂದು ತೋರಿಸಿದ. ವಿಚಿತ್ರವೆಂದರೆ, ಯಾವ ಸಂಖ್ಯೆಗಳಾಗಿ ಅದು ಒಡೆಯುತ್ತದೆಂಬುದು ಆತನಿಗೂ ತಿಳಿದಿರಲಿಲ್ಲ. ಬಿರುಕುಂಟು, ಎಲ್ಲಿ ಎಂದು ಮಾತ್ರ ಕೇಳಬೇಡಿ!

ಇದು ಜ್ಞಾನವೆ? ತರ್ಕದ ದೃಷ್ಟಿಯಿಂದ ಸಂಶಯವೇ ಇಲ್ಲ. ಆದರೂ ನನ್ನ ಮನಸ್ಸು ಒಪ್ಪದು. ಅದರ ಕಾರಣ ಗಣಿತದ ಹೊರಗಿದೆ. ಹರೆಯದಲ್ಲಿ ನಾನು ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ವರ್ಷದ ಕೊನೆಗೆ ಜಮಾಖರ್ಚು ತಾಳೆಯಾಗಲಿಲ್ಲ. ಎಲ್ಲೋ ತಪ್ಪಿದೆಯೆಂಬುದು ಖಚಿತ; ಯಾವ ಪುಟದಲ್ಲೆಂದು ತಿಳಿಯದು. ಯಜಮಾನರ ಕಣ್ಣು ನಮ್ಮ ನಾಲ್ವರ ಮೇಲೂ ಸರದಿಯಾಗಿ ಹರಿಯಿತು. ಅದಕ್ಕಿಂತ ಕೆಟ್ಟದ್ದು, ನಾವು ನಾಲ್ವರೂ ಒಬ್ಬರನ್ನೊಬ್ಬರು ಹಾಗೆಯೇ ನೋಡತೊಡಗಿದೆವು. ಐದನೆಯ ದಿನ ಸಿಕ್ಕಿತು: ಅಡಕೆ ಮೂಟೆಯ ಬಾಬ್ತೊಂದು ಎರಡು ಸಲ ಏರಿತ್ತು. ಆ ಐದು ದಿನವೂ ನಮಗೆ ಗೊತ್ತಿದ್ದುದು ನಿಜವೇ. ಆದರೆ ಅಂಥ ನಿಜದಿಂದ ಯಾರಿಗೂ ನಿದ್ದೆ ಬರಲಿಲ್ಲ.

ನಮ್ಮ ಸಂಖ್ಯೆಯ ಪುಟವನ್ನು ಹುಡುಕಿದವನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ, ಆತ ಕಪ್ಪುಹಲಗೆಯ ಒಂದು ಕಡೆ ಮೇಲಿನ ಸಂಖ್ಯೆಯನ್ನು ಲೆಕ್ಕಹಾಕಿ ಬರೆದ. ಇನ್ನೊಂದು ಕಡೆ 193707721 ಮತ್ತು 761838257287 ಇವುಗಳನ್ನು ಗುಣಿಸಿದ. ಎರಡೂ ಒಂದೇ ಆದುವು. ಒಂದು ಮಾತೂ ಆಡದೆ ಹೋಗಿ ಕುಳಿತ. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದುವಂತೆ. ಹೀಗೆಂದು ಬರೆದವನು ಬೆಲ್ ಎಂಬ ಗಣಿತಜ್ಞ. ಬೆಲ್ ಕತೆಗೆ ಬಣ್ಣ ಹಚ್ಚುವವನೆಂದು ಹೆಸರಾದವನು. ಗುಣಾಕಾರಕ್ಕೆ ಮಾತ್ರ ಯಾರೂ ಬಣ್ಣ ಹಚ್ಚಲಾರರು.

ಇಂದು ಕಂಪ್ಯೂಟರು ಈ ಕೆಲಸವನ್ನು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಸುತ್ತದೆ. ಹಾಗಾದರೆ ಆ ಭಾನುವಾರಗಳು ವ್ಯರ್ಥವೆ? ನನಗೇನೋ ಹಾಗೆ ತೋರುವುದಿಲ್ಲ. ಮರ್ಸೆನನ ಮಾತಿಗೆ ನಮ್ಮ ನಂಬಿಕೆಯೊಂದೇ ಆಧಾರ. ಲ್ಯೂಕಾಸನನ್ನು ಒಪ್ಪಲು ಆತನಷ್ಟೇ ವಿದ್ಯೆ ಬೇಕು, ಇಲ್ಲವೆ ಅಲ್ಲಿಯೂ ನಂಬಿಕೆಯೇ ಗತಿ. ಕೋಲ್ ಎರಡನ್ನೂ ಕೇಳಲಿಲ್ಲ. ಹುಡುಕುವ ಕಷ್ಟವನ್ನೆಲ್ಲ ತಾನಿಟ್ಟುಕೊಂಡು, ಪರೀಕ್ಷಿಸುವ ಸುಲಭದ ಕೆಲಸವನ್ನು ನಮಗೆ ಬಿಟ್ಟ. ಸಂಖ್ಯೆಯ ಮೇಲೆ ಹೊರಿಸುವ ದೋಷಕ್ಕೇ ಇಷ್ಟು ಶ್ರಮವಾದರೆ, ಮನುಷ್ಯನ ಮೇಲೆ ದೋಷ ಹೊರಿಸುವವನು ಎಷ್ಟು ಭಾನುವಾರಗಳ ಸಾಲಗಾರ?

ಕಳೆದ ವಾರ ನನ್ನ ಮೊಮ್ಮಗಳಿಗೆ ಆ ಎರಡು ಸಂಖ್ಯೆಗಳನ್ನು ಕೊಟ್ಟೆ. ಮಗ್ಗಿ ಬಲ್ಲಳು, ಅಷ್ಟೆ. ಮಧ್ಯೆ ಕೈಯಲ್ಲಿಟ್ಟುಕೊಂಡ ಅಂಕಿಯೊಂದನ್ನು ಕೂಡಿಸಲು ಮರೆತು, ತಾನೇ ಕಂಡು ತಿದ್ದಿಕೊಂಡಳು. ಉತ್ತರ ಸರಿಬಂದಾಗ ನನ್ನನ್ನು ಕೇಳಲೂ ಇಲ್ಲ.