ಕೂಸಿನ ಹೆಸರಿನ ಕಾಗುಣಿತ

ಒಂದು ಅಕ್ಷರದ ಜಗಳ ಹೇಳ್ತೀನಿ. ಸಣ್ಣದು ಅಂತ ನಗಬೇಡಿ.

ನನ್ನ ಅಕ್ಕ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕಸ ಗುಡಿಸುತ್ತಾಳೆ. ವಾಸ ದೊಡ್ಡತೋಗೂರಿನ ಒಂದು ಶೀಟಿನ ಕೋಣೆ. 1978ರ ಸುಮಾರಿಗೆ ಈ ಸಿಟಿ ಎದ್ದದ್ದೇ ಆ ಊರಿನ, ಪಕ್ಕದ ಕೋನಪ್ಪನ ಅಗ್ರಹಾರದ ನೆಲದ ಮೇಲೆ. ನಾವು ಕಲಬುರಗಿ ಕಡೆಯಿಂದ ದುಡಿಯಲು ಬಂದವರು. ಅವಳಿಗೆ ಹೆಣ್ಣುಕೂಸು ಹುಟ್ಟಿತು. ಮನೆಯಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಜನನ ಪತ್ರಕ್ಕೆ ಹೆಸರು ಸೇರಿಸುವ ಅರ್ಜಿ ನನ್ನ ಕೈಗೆ ಬಂತು.

ಅಕ್ಕ ಅಂದಳು, "ಆಯಿ ಹೆಸರ ಇಡು. ಕಾಳವ್ವ."

ನಾನು ಬರೆದದ್ದು ಕಾಳವ್ವೆ.

ಕಾಳವ್ವೆ ಶರಣರ ಸಾಲಿನ ವಚನಕಾರ್ತಿ, ಉರಿಲಿಂಗಪೆದ್ದಿಯ ಹೆಂಡತಿ, ನಮ್ಮ ಕೇರಿಯವಳು. ಕುರಿ ಕೋಳಿ ತಿನ್ನೋರು ಕುಲವಂತರು ಹೇಗಾದರು ಅಂತ ಕೇಳಿದವಳು. ವಚನ ಸಂಪುಟಗಳಲ್ಲಿ ಈ ಹೆಸರಿನವರು ಮೂವರಿದ್ದಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ. ಗಂಡನ ಹೆಸರು ತೆಗೆದರೆ ಯಾವ ಕಾಳವ್ವೆ ಅಂತ ಗುರುತೇ ಸಿಗೋದಿಲ್ಲ. ಯಾರ ಪುಣ್ಯಸ್ತ್ರೀಯೂ ಅಲ್ಲದ ಒಬ್ಬ ಕಾಳವ್ವೆ ಇರಲಿ ಅಂತ ನನ್ನ ಆಸೆ.

ಭಾವನಿಗೆ ಎರಡೂ ಬೇಡ. "ಕಾಳ ಅಂದ್ರ ಕರಿ. ಸಾಲ್ಯಾಗ ಆಡ್ಕೋತಾರ." ಅವನ ಅಂಜಿಕೆ ಸುಳ್ಳಲ್ಲ. ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಲಿ ಎಂದು ಮನುಸ್ಮೃತಿಯ ಎರಡನೇ ಅಧ್ಯಾಯವೇ ವಿಧಿಸಿದೆ. ಶೂದ್ರನಿಗೇ ಹೀಗಾದರೆ ಊರ ಹೊರಗಿನವರ ಪಾಡೇನು! ಆದರೂ ಆಯಿ ಆ ಹೆಸರಿನಲ್ಲೇ ಹೊಲ ಕಳೆ ಕಿತ್ತಳು, ನಮ್ಮನ್ನು ಸಾಕಿದಳು. ಭಾವ ಕೊನೆಗೆ ಒಪ್ಪಿದ.

ಅರ್ಜಿಯಲ್ಲಿ ಇಂಗ್ಲಿಷಿನ ಮನೆಯೂ ಇದೆ. ಅಲ್ಲಿ ಒಂದು 'ಎ' ಹಾಕಿದರೆ ಕಲವ್ವೆ. ಎರಡು ಹಾಕಿದರೆ ಕಾಲವ್ವೆ. ಎಷ್ಟು ಹಾಕಿದರೂ ಳ ಬರೋದಿಲ್ಲ. ಅಕ್ಕನ ಹೆಸರು ಯಲ್ಲವ್ವ. ಬ್ಯಾಡ್ಜು ಇಂಗ್ಲಿಷಿನದು. ಅದನ್ನು ಓದಿದ ಸೂಪರ್‌ವೈಜರ್ ಬಾಯಲ್ಲಿ ಅವಳು 'ಎಲಾ'. ಅವಳು ತಿರುಗಿ ನೋಡುತ್ತಾಳೆ. ನೋಡದಿದ್ದರೆ ಪಗಾರ ಯಾರು ಕೊಡ್ತಾರೆ?

ಹೆಸರು ಸೇರಿಸಲು ವರ್ಷದವರೆಗೆ ಶುಲ್ಕವಿಲ್ಲ, ದಂಡ ಕಟ್ಟಿದರೆ 15 ವರ್ಷದವರೆಗೂ ಅವಕಾಶವಿದೆ. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಹುಟ್ಟಿದ ಊರು ತೋರಿಸಲು ಈ ಪತ್ರವೇ ಆಧಾರ. ಶಾಲೆಗೂ ಅದೇ, ಓಟಿನ ಪಟ್ಟಿಗೂ ಅದೇ. ಒಂದು ಅಕ್ಷರ ತಪ್ಪಿದರೆ ಕಚೇರಿ ಕಚೇರಿ ಅಲೆಯೋರು ಯಾರು ಅಂತ ನಿಮಗೆ ಗೊತ್ತೇ ಇದೆ.

ಇಷ್ಟೆಲ್ಲ ಯೋಚಿಸಿದ ನಾನು ಒಂದನ್ನು ಯೋಚಿಸಲಿಲ್ಲ. ಅಕ್ಕ ನನ್ನ ಅರ್ಜಿಯ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. "ಇದು ಆಯಿ ಹೆಸರಲ್ಲ. ನಿನ್ನ ಪುಸ್ತಕದ ಹೆಸರು. ನಿನಗ ಆ ಮಾಸ್ತರ್ ಮಾಡಿದ್ದನ್ನೇ ನೀ ನನ್ನ ಕೂಸಿಗೆ ಮಾಡಾಕತ್ತಿ."

ನನ್ನವ್ವ ನನಗಿಟ್ಟ ಹೆಸರು ಬೀಮ. ಒಂದನೇ ಇಯತ್ತೆಯಲ್ಲಿ ಒಬ್ಬ ಮಾಸ್ತರರು 'ಬ'ದ ಹೊಟ್ಟೆ ಸೀಳಿ ಭೀಮ ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. "ಮಹಾಪ್ರಾಣ ನಿಮ್ಮ ನಾಲಿಗೆಗೆ ಬರೋದುಂಟೇ" ಅಂತ ಅವ್ವನ ಎದುರೇ ನಕ್ಕರು. ಅವ್ವ ಮತ್ತೆ ಶಾಲೆಯ ಕಡೆ ಬರಲಿಲ್ಲ. ಮುಂದೆ ಕಾಲೇಜಿನಲ್ಲಿ ಶಂಕರ ಭಟ್ಟರ ಪುಸ್ತಕ ಓದಿದೆ. ಕನ್ನಡಕ್ಕೆ ಮಹಾಪ್ರಾಣ ಬೇಡ ಎಂದು ವಾದಿಸಿ ತಮ್ಮ ಹೆಸರನ್ನೇ 'ಬಟ್' ಎಂದು ಬರೆದುಕೊಂಡವರು. ಅವರು ಬಿಟ್ಟರೆ ಅದು ವಿದ್ವತ್ತು, ನನ್ನವ್ವ ಬಿಟ್ಟರೆ ತಪ್ಪು!

ಬಾಬಾಸಾಹೇಬರು 1900ರ ನವೆಂಬರ್ 7ರಂದು ಸಾತಾರಾದ ಶಾಲೆ ಸೇರಿದಾಗ ದಾಖಲೆಯಲ್ಲಿ ಬರೆದದ್ದು ಭಿವಾ ರಾಮ್‌ಜಿ ಅಂಬೇಡ್ಕರ್ ಅಂತ. ಭಿವಾ ಮನೆಯವರು ಕೂಗುತ್ತಿದ್ದ ಹೆಸರು. ಅದನ್ನು ತಪ್ಪು ಅನ್ನೋ ಧೈರ್ಯ ಈಗ ಯಾರಿಗಿದೆ?

ಹಾಗಾದರೆ ನನ್ನ 'ವ್ವೆ'ಗೆ ಏನು ಹಕ್ಕು? ವಚನಕಾರ್ತಿ ದೊಡ್ಡವಳು, ಸರಿ. ಆದರೆ ದಿನಕ್ಕೆ ನೂರು ಸಲ ಕೂಸನ್ನು ಕೂಗುವ ಬಾಯಿ ಅಕ್ಕನದು. ಆ ಬಾಯಿಗೆ ಬಾರದ ಅಕ್ಷರವನ್ನು ನಾನು ಹೆಮ್ಮೆಯಿಂದ ಬರೆದೆ. ಮಾಸ್ತರರ ಕೈಯಲ್ಲಿ ಸೀಮೆಸುಣ್ಣ ಇತ್ತು, ನನ್ನ ಕೈಯಲ್ಲಿ ಪೆನ್ನು. ನಾಳೆ ಕೂಸೇ ದೊಡ್ಡದಾಗಿ, ನೀವಿಬ್ಬರೂ ಯಾರು ಅಂತ ಕೇಳಬಹುದು. ಕೇಳಲಿ. ಆಗ ಅವಳು ಬದಲಿಸಿಕೊಂಡರೆ ನಾನು ಜಗಳಕ್ಕೆ ನಿಲ್ಲೋದಿಲ್ಲ.

ಕೂಸಿಗೆ ಈಗ ಏಳು ತಿಂಗಳು. 'ವ್ವೆ' ಹೊಡೆದು 'ವ್ವ' ಮಾಡಿದ್ದೇನೆ. ಇಂಗ್ಲಿಷಿನ ಮನೆ ಇನ್ನೂ ಖಾಲಿ ಇದೆ.